ಮಾರುವ ಮನೆಗೊಂದು ಮುಖಚಿತ್ರ

ಆಸ್ತಿ ಮಾರಾಟದ ಆ್ಯಪ್ ತೆರೆದು ಅರ್ಧ ಗಂಟೆ ಸುಮ್ಮನೆ ನೋಡುತ್ತಾ ಹೋಗಿ. ಸ್ವತಂತ್ರ ಮನೆಗಳ ಮುಂಭಾಗದ ಫೋಟೋಗಳು ಬಹುತೇಕ ಒಂದೇ ಥರ ಇರುತ್ತವೆ. ನಡುಮಧ್ಯಾಹ್ನದ ಬಿಸಿಲು, ಅರ್ಧ ಗೇಟು, ಗೇಟಿಗೆ ಅಡ್ಡವಾಗಿ ಯಾರದೋ ಕಾರು, ಬಾಲ್ಕನಿಯ ಕಂಬಿಯ ಮೇಲೆ ಒಣಗಲು ಹಾಕಿದ ಟವೆಲ್ಲು, ಎಲ್ಲದರ ಮೇಲೆ ಜೋತುಬಿದ್ದ ಕೇಬಲ್ಲು. ಒಳಗೆ ಸಾಗವಾನಿ ಬಾಗಿಲು, ಗಾಳಿ ಬೆಳಕು ತುಂಬಿದ ಹಾಲು, ಅಚ್ಚುಕಟ್ಟಾದ ದೇವರಮನೆ ಇದ್ದರೂ ಅಲ್ಲಿಯವರೆಗೆ ಯಾರೂ ಬರುವುದಿಲ್ಲ. ನೋಡುವವರ ಬೆರಳು ಅಷ್ಟರಲ್ಲಿ ಮುಂದಿನ ಮನೆಗೆ ಹೋಗಿರುತ್ತದೆ. ಸಾಲ ತೀರಿಸುತ್ತಾ, ಮಕ್ಕಳನ್ನು ಬೆಳೆಸುತ್ತಾ, ವರ್ಷಗಟ್ಟಲೆ ಜೋಪಾನ ಮಾಡಿದ ಮನೆಗೆ ಇದು ಅನ್ಯಾಯ.

ಇಲ್ಲಿ ಹೇಳುವುದೆಲ್ಲ 20×30, 30×40, 40×60 ಸೈಟುಗಳಲ್ಲಿ ನಿಂತಿರುವ ಸ್ವತಂತ್ರ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅಪಾರ್ಟ್‌ಮೆಂಟಿನಲ್ಲಿ ಹೊರಗೋಡೆ ಸಂಘದ ಸುಪರ್ದಿನಲ್ಲಿರುತ್ತದೆ; ಫ್ಲ್ಯಾಟ್ ಮಾರುವವರಿಗೆ ಬೆಳಕಿನ ಮತ್ತು ಕ್ಯಾಮೆರಾದ ಮಾತುಗಳಷ್ಟೇ ಉಪಯೋಗಕ್ಕೆ ಬಂದಾವು.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಖರ್ಚಿಗೆ ಐದು ಸಾವಿರ ಇರಲಿ, ಐವತ್ತು ಸಾವಿರ ಇರಲಿ, ಅದು ಮೊದಲು ನೀರಿನ ಗುರುತುಗಳಿಗೆ ಹೋಗಬೇಕು. ಬಣ್ಣ, ಹೂಕುಂಡ, ದೀಪ ಎಲ್ಲ ಆಮೇಲೆ. ಕೊಳ್ಳುವ ಹುಡುಗ ಹುಡುಗಿ ಅಂದ ನೋಡಿಯಾರು. ಅವರ ಹಿಂದೆ ಕೂತ ಅಪ್ಪನೋ ಮಾವನೋ ಪರಿಚಯದ ಮೇಸ್ತ್ರಿಯೋ ಅದೇ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡುವುದು ಮನೆ ಎಲ್ಲಿ ಸೋರುತ್ತದೆ ಎಂದು.

ನೀರು ಬಿಟ್ಟುಹೋದ ಗುರುತು

ರಸ್ತೆಯಲ್ಲಿ ನಿಂತು ನಿಮ್ಮ ಮನೆಯನ್ನು ಮೇಲಿನಿಂದ ಕೆಳಕ್ಕೆ ನೋಡಿ. ಪ್ಯಾರಪೆಟ್ಟಿನ ತಲೆಯಿಂದ ಕಪ್ಪು ಪಟ್ಟೆಗಳು ಇಳಿದಿವೆಯೇ? ಪ್ಯಾರಪೆಟ್ಟಿನ ಮೇಲ್ಮೈ ತಾರಸಿಯ ಕಡೆಗೆ ಇಳಿಜಾರಾಗದೆ ರಸ್ತೆಯ ಕಡೆಗೆ ವಾಲಿದ್ದರೆ ಅಲ್ಲಿ ಕೂತ ಧೂಳೆಲ್ಲ ಮಳೆನೀರಿನ ಜೊತೆ ಮುಂಗೋಡೆಯ ಮೇಲೆ ಇಳಿಯುತ್ತದೆ, ಅದರ ಮೇಲೆ ಪಾಚಿ ಹಿಡಿಯುತ್ತದೆ. ಕಿಟಕಿಯ ಮೇಲಿನ ಸಜ್ಜ ನೋಡಿ. ಸಜ್ಜದ ತಳದಲ್ಲಿ, ಅಂಚಿನಿಂದ ಒಂದೆರಡು ಅಂಗುಲ ಒಳಗೆ, ಉದ್ದಕ್ಕೂ ಒಂದು ಗೀರು ಬಿಟ್ಟಿರಬೇಕು. ಆ ಗೀರು ಇದ್ದರೆ ನೀರು ಅಲ್ಲೇ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ. ಇಲ್ಲದಿದ್ದರೆ ತಳದುದ್ದಕ್ಕೂ ಒಳಸರಿದು ಗೋಡೆ ಸೇರುತ್ತದೆ. ಇವೆರಡನ್ನೂ ಸರಿಪಡಿಸುವುದು ಒಬ್ಬ ಮೇಸ್ತ್ರಿಗೆ ದೊಡ್ಡ ಕೆಲಸವಲ್ಲ. ಇದನ್ನು ಮಾಡದೆ ಬಣ್ಣ ಬಳಿದರೆ ಒಂದೇ ಮಳೆಗೆ ಪಟ್ಟೆಗಳು ಮತ್ತೆ ಬರುತ್ತವೆ, ಕೊಳ್ಳುವವರು ಮನೆ ನೋಡಲು ಬರುವುದೂ ಆ ಮಳೆಯ ಮಾರನೆಯ ದಿನವೇ ಆಗಬಹುದು.

ಪ್ಯಾರಪೆಟ್ಟಿನ ಬಿರುಕಿನಲ್ಲೋ ಪೈಪಿನ ಸಂದಿನಲ್ಲೋ ಹುಟ್ಟಿದ ಪುಟ್ಟ ಅರಳಿ ಗಿಡವನ್ನು ನಾವು ದಿನಾ ನೋಡಿ ನೋಡಿ ಮರೆತಿರುತ್ತೇವೆ. ಫೋಟೋದಲ್ಲಿ ಅದರಷ್ಟು ಎದ್ದು ಕಾಣುವ ವಸ್ತು ಇನ್ನೊಂದಿಲ್ಲ. ಅಲ್ಲಿ ಬಿರುಕಿದೆ, ಬಿರುಕಿನಲ್ಲಿ ಸದಾ ತೇವ ಇದೆ ಎಂದು ಅದು ಸಾರುತ್ತಿರುತ್ತದೆ. ಎಲೆ ಚಿವುಟಿದರೆ ಸಾಲದು, ಬೇರಿನ ಸಮೇತ ಕಿತ್ತು ಬಿರುಕನ್ನು ಗಾರೆಯಿಂದ ಮುಚ್ಚಿಸಬೇಕು. ಓವರ್‌ಹೆಡ್ ಟ್ಯಾಂಕು ತುಂಬಿ ಹರಿಯುವ ಪೈಪು ಮುಂಗೋಡೆಯ ಮೇಲೆ ಬಿಡುವ ಹಸಿರು ಕಲೆಯೂ ಅಂಥದೇ. ಪೈಪನ್ನು ಉದ್ದ ಮಾಡಿ ಮಳೆನೀರಿನ ಪೈಪಿಗೆ ಸೇರಿಸಿದರೆ ಮುಗಿಯಿತು.

ಪಾಚಿ ತೆಗೆಯಲು ಬ್ಲೀಚಿಂಗ್ ಪುಡಿ ಕರಗಿಸಿದ ನೀರು ಸಾಕು. ಬಳಿದು ಹತ್ತು ಹದಿನೈದು ನಿಮಿಷ ಬಿಟ್ಟು, ಗಟ್ಟಿ ಬ್ರಷ್ಷಿನಿಂದ ಉಜ್ಜಿ, ತೊಳೆಯಬೇಕು. ಕೈಗವಸು, ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ. ಬೇಗ ಹೋಗಲಿ ಎಂದು ಇದರ ಜೊತೆ ಬಾತ್‌ರೂಮ್ ಆ್ಯಸಿಡ್ ಬೆರೆಸುವವರಿದ್ದಾರೆ, ಖಂಡಿತ ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ಪ್ರಾಣಕ್ಕೇ ಅಪಾಯ. ಹಳೆಯ ಗಾರೆಯ ಗೋಡೆಗಳಿಗೆ ಜೋರು ಒತ್ತಡದ ನೀರಿನ ಯಂತ್ರ ಹಿಡಿಸಬೇಡಿ, ಗಾರೆಯೇ ಉದುರುತ್ತದೆ. ತೊಳೆಯುವ ನೀರಿನ ಬಗ್ಗೆಯೂ ಒಂದು ಮಾತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಬೇಸಿಗೆಯಲ್ಲಿ ಮನೆ ಮಾರುವವರು ಕಾಂಪೌಂಡು ತೊಳೆಯಲು ಬಟ್ಟೆ ಒಗೆದ ಕೊನೆಯ ನೀರನ್ನೋ ಇಂಗುಗುಂಡಿಗೆ ಹೋಗುವ ನೀರನ್ನೋ ಹಿಡಿದಿಟ್ಟುಕೊಳ್ಳುವುದು ಒಳ್ಳೆಯದು.

ಗೋಡೆಯ ಬುಡದಲ್ಲಿ ಉಪ್ಪು ಹತ್ತಿ ಬಿಳಿ ಪುಡಿ ಉದುರುತ್ತಿದ್ದರೆ ಅದು ಬೇರೆ ಕಥೆ. ನೆಲದ ತೇವ ಗೋಡೆ ಏರುತ್ತಿದೆ. ಅದರ ಮೇಲೆ ಪುಟ್ಟಿ ತುಂಬಿ ಬಣ್ಣ ಬಳಿದು ಫೋಟೋ ತೆಗೆಯಬಹುದು, ಕೆಲವು ತಿಂಗಳಲ್ಲಿ ಅದು ಚಕ್ಕೆ ಎದ್ದು ಬರುತ್ತದೆ. ಅಷ್ಟರೊಳಗೆ ಮಾರಿಬಿಡೋಣ ಎಂಬ ಲೆಕ್ಕಾಚಾರ ತಪ್ಪು, ಕಾನೂನಿನ ಕಣ್ಣಲ್ಲೂ ತಪ್ಪು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ತನಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣಿಸದಂಥ ಮುಖ್ಯ ದೋಷವನ್ನು ಮಾರುವವರೇ ತಿಳಿಸಬೇಕು. ಸರಿಪಡಿಸಲು ಆಗುವುದಾದರೆ ಸರಿಪಡಿಸಿ. ಆಗದಿದ್ದರೆ ಹೇಳಿ, ಬೆಲೆಯಲ್ಲಿ ಹೊಂದಿಸಿಕೊಳ್ಳಿ.

ಬಣ್ಣ, ಗೇಟು, ಮತ್ತು ತೆಗೆದಿಡಬೇಕಾದ್ದು

ಇಡೀ ಮನೆಗೆ ಬಣ್ಣ ಹೊಡೆಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಅಗತ್ಯವೂ ಇಲ್ಲ. ಎರಡು ಅಂತಸ್ತಿನ 30×40 ಮನೆಯ ಮುಂಭಾಗ ಸುಮಾರು 27 ಅಡಿ ಅಗಲ, 22 ಅಡಿ ಎತ್ತರ ಎಂದಿಟ್ಟುಕೊಳ್ಳಿ. ಕಿಟಕಿ ಬಾಗಿಲು ಸೇರಿಯೂ 600 ಚದರಡಿ ದಾಟುವುದಿಲ್ಲ. ಹೊರಗೋಡೆಯ ಎಮಲ್ಷನ್ ಎರಡು ಕೋಟ್ ಹೊಡೆದರೆ ಲೀಟರಿಗೆ 50ರಿಂದ 60 ಚದರಡಿ ಬರುತ್ತದೆ ಎಂದು ಹಿಡಿದರೂ ಹತ್ತು ಹನ್ನೆರಡು ಲೀಟರ್ ಬಣ್ಣ. ಜೊತೆಗೆ ಕೆರೆಯುವುದು, ಪ್ರೈಮರ್, ಕೂಲಿ. ಆದರೆ ಮುಂಭಾಗಕ್ಕೆ ಹೊಸ ಬಣ್ಣ, ತಿರುಗಿದ ಕೂಡಲೇ ಪಕ್ಕದಲ್ಲಿ ಹಳೆಯದು ಎಂದಾಗಬಾರದು. ರಸ್ತೆಯಿಂದ ಕಾಣುವಷ್ಟು ಪಕ್ಕದ ಗೋಡೆಗೂ ಸೇರಿಸಿ ಹೊಡೆಸಿ, ಬಣ್ಣ ಒಂದು ಮೂಲೆಯಲ್ಲಿ ನಿಲ್ಲಲಿ.

ಯಾವ ಬಣ್ಣ? ತಿಳಿ ಕೆನೆ, ಮಾಸಲು ಬಿಳಿ, ತಿಳಿ ಬೂದು ಇವು ಮೊಬೈಲಿನ ತೆರೆಯ ಮೇಲೆ ಮನೆಯನ್ನು ಅಗಲವಾಗಿ, ಹಗುರಾಗಿ ತೋರಿಸುತ್ತವೆ. ಗಿಳಿಹಸಿರು, ನೇರಳೆ, ಕಡು ಕಿತ್ತಳೆಗಳನ್ನು ಕ್ಯಾಮೆರಾ ಇದ್ದದ್ದಕ್ಕಿಂತ ಢಾಳಾಗಿ ತೋರಿಸುತ್ತದೆ. ನಿಮಗೆ ಆ ಬಣ್ಣ ಇಷ್ಟವಿದ್ದಿರಬಹುದು; ಕೊಳ್ಳುವವರು ಮಾತ್ರ ಅದನ್ನು ಬದಲಿಸುವ ಖರ್ಚನ್ನು ಮನಸ್ಸಿನಲ್ಲೇ ಬೆಲೆಯಿಂದ ಕಳೆಯುತ್ತಾರೆ.

ಬಣ್ಣಕ್ಕೂ ಆಗದಿದ್ದರೆ ಗೇಟನ್ನಾದರೂ ನೋಡಿಕೊಳ್ಳಿ. ರಸ್ತೆಯಿಂದ ತೆಗೆದ ಫೋಟೋದ ನಟ್ಟನಡುವೆ ಇರುವುದು ಅದೇ. ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಕಪ್ಪು ಅಥವಾ ಕಡು ಕಂದು ಎನಾಮಲ್ ಹೊಡೆದರೆ ಎರಡು ದಿನದ ಕೆಲಸ. ಕಿಟಕಿಯ ಗ್ರಿಲ್ಲಿಗೂ ಅದೇ ಡಬ್ಬದಲ್ಲಿ ಬಣ್ಣ ಉಳಿಯುತ್ತದೆ. ಜೋತ ಗೇಟಿನ ಕೀಲು ಸರಿ ಮಾಡಿಸಿ. ಗೇಟಿನೆದುರು ಚರಂಡಿಯ ಮೇಲಿನ ಕಲ್ಲುಚಪ್ಪಡಿ ಒಡೆದಿದ್ದರೆ ಬದಲಿಸಿ, ಕಾರು ಹತ್ತಿಸುವವರು ಮೊದಲು ಅದನ್ನೇ ನೋಡುತ್ತಾರೆ.

ಇನ್ನು ತೆಗೆದಿಡುವುದು. ಚಪ್ಪಲಿ ಸ್ಟ್ಯಾಂಡು, ಖಾಲಿ ಗ್ಯಾಸ್ ಸಿಲಿಂಡರು, ಸವೆದ ಟೈರು, ಮಳೆಗೆ ನೆನೆದ ಕಾರಿನ ಹೊದಿಕೆ, ಮುರಿದ ಕುಂಡ, ಕಟ್ಟಡ ಕಟ್ಟಿದಾಗ ಮಿಕ್ಕಿದ ಮರಳು ಮತ್ತು ಟೈಲ್ಸ್ ಚೂರು, ಬಳಕೆಯಲ್ಲಿಲ್ಲದ ಹಳೆಯ ಡಿಶ್ ಛತ್ರಿ, ಗೋಡೆಗೆ ಅಂಟಿಸಿದ ಟ್ಯೂಷನ್ ಚೀಟಿ, ಬಟ್ಟೆ ಒಣಗಿಸುವ ಹಗ್ಗ. ಬಳಕೆ ನಿಂತ ಕೇಬಲ್ಲುಗಳನ್ನು ಕೇಬಲ್‌ನವರಿಗೆ ಹೇಳಿ ತೆಗೆಸಿ. ವಿದ್ಯುತ್ ತಂತಿಯ ಹತ್ತಿರದ ಕೊಂಬೆಗೆ ನೀವೇ ಕೈ ಹಾಕಬೇಡಿ, ಎಸ್ಕಾಂಗೆ ತಿಳಿಸಿ. ರಸ್ತೆ ಬದಿಯ ಮರ ಮನೆಗೆ ಅಡ್ಡವಿದೆ ಎಂದು ಕಡಿಸುವ ಯೋಚನೆ ಬೇಡವೇ ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಅಲ್ಲದೆ ಮನೆ ಮುಂದೆ ನೆರಳು ಚೆಲ್ಲುವ ಹೊಂಗೆಯೋ ಸಂಪಿಗೆಯೋ ಇದ್ದರೆ ಅದೇ ಆ ಮನೆಯ ಬೆಲೆ ಹೆಚ್ಚಿಸುತ್ತದೆ. ಫೋಟೋದಲ್ಲಿ ಮರ ಕಾಣುವಂತೆಯೇ ನಿಲ್ಲಿ.

ಎಲ್ಲವನ್ನೂ ತೆಗೆದು ಮನೆಯನ್ನು ಬೋಳು ಮಾಡಬಾರದು. ತುಳಸಿಕಟ್ಟೆ ಇರಲಿ, ಅದಕ್ಕೆ ಬಣ್ಣ ಹಚ್ಚಿ. ಹೊಸಿಲ ಮುಂದೆ ನಾಲ್ಕೆಳೆ ರಂಗೋಲಿ ಇರಲಿ. ಬಣ್ಣ ಮಾಸಿದ ಪ್ಲಾಸ್ಟಿಕ್ ತೋರಣ ಬಿಚ್ಚಿ ಒಂದು ಸಾಲು ಮಾವಿನೆಲೆ ಕಟ್ಟಿ. ಆಯುಧಪೂಜೆಯಿಂದ ನೇತಾಡುತ್ತಿರುವ ಒಣಗಿದ ಬೂದುಗುಂಬಳವನ್ನು ಇಳಿಸಿ. ಇಲ್ಲಿ ಜನ ಬಾಳುತ್ತಿದ್ದಾರೆ, ನೋಡಿಕೊಳ್ಳುತ್ತಿದ್ದಾರೆ ಎಂಬುದು ಫೋಟೋದಲ್ಲಿ ತಿಳಿಯಬೇಕು. ಗಿಡಗಳನ್ನು ಸವರುವುದಿದ್ದರೆ ಮೂರು ನಾಲ್ಕು ವಾರ ಮೊದಲೇ ಸವರಿ, ದಾಸವಾಳ, ಕಾಗದದ ಹೂವಿನ ಬಳ್ಳಿಗಳು ಅಷ್ಟರಲ್ಲಿ ಚಿಗುರಿರುತ್ತವೆ.

ಸೂರ್ಯ ಯಾವ ಕಡೆ?

ಒಳ್ಳೆಯ ಫೋಟೋಗೆ ದುಬಾರಿ ಕ್ಯಾಮೆರಾ ಬೇಕು ಎಂಬುದು ಸುಳ್ಳು. ಬೇಕಾದ್ದು ಬಿಸಿಲು ಮನೆಯ ಮುಖದ ಮೇಲಿರುವ ಹೊತ್ತು. ಪೂರ್ವ ದಿಕ್ಕಿನ ಮನೆಗೆ ಬೆಳಿಗ್ಗೆ ಏಳರಿಂದ ಒಂಬತ್ತು, ಪಶ್ಚಿಮ ದಿಕ್ಕಿನ ಮನೆಗೆ ಸಂಜೆ ನಾಲ್ಕೂವರೆಯ ನಂತರ. ಇಷ್ಟು ಸುಲಭ. ಕಷ್ಟ ಇರುವುದು ಉತ್ತರ, ದಕ್ಷಿಣದ ಮನೆಗಳಿಗೆ, ಅಲ್ಲಿ ತಿಂಗಳನ್ನೂ ನೋಡಬೇಕು.

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುವುದು ಇದನ್ನೇ. ಈ ಎರಡು ದಿನಗಳ ನಡುವೆ ಸೂರ್ಯ ದಿನವಿಡೀ ಉತ್ತರದ ಕಡೆ ಇರುತ್ತಾನೆ. ಹಾಗಾಗಿ ಉತ್ತರ ದಿಕ್ಕಿನ ಮನೆಯ ಮುಂಗೋಡೆಗೆ ನೇರ ಬಿಸಿಲು ಚೆನ್ನಾಗಿ ಸಿಗುವುದು ಮೇ, ಜೂನ್, ಜುಲೈಗಳಲ್ಲಿ, ಅದೂ ಬೆಳಿಗ್ಗೆ ಮತ್ತು ಸಂಜೆ. ಮಧ್ಯಾಹ್ನ ತಲೆಯ ಮೇಲಿನ ಬಿಸಿಲಿಗೆ ಸಜ್ಜದ ನೆರಳು ಉದ್ದಕ್ಕೆ ಇಳಿದು ಕಿಟಕಿಗಳು ಕಪ್ಪಾಗುತ್ತವೆ. ರಾಜ್ಯದ ಉತ್ತರಕ್ಕೆ ಹೋದಷ್ಟೂ ಈ ಅವಧಿ ಕಿರಿದಾಗುತ್ತದೆ. ಕಲಬುರಗಿಯಲ್ಲಿ ಅದು ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ.

ಡಿಸೆಂಬರಿನಲ್ಲಿ ಉತ್ತರದ ಮನೆ ಮಾರುವವರು ಏನು ಮಾಡಬೇಕು? ಮುಂಗೋಡೆ ದಿನವಿಡೀ ನೆರಳಿನಲ್ಲಿರುತ್ತದೆ, ಹಿಂದಿನ ಆಕಾಶ ಬೆಳಗುತ್ತಿರುತ್ತದೆ, ಫೋಟೋದಲ್ಲಿ ಮನೆ ಮಸಿ ಬಳಿದಂತಾಗುತ್ತದೆ. ತೆಳು ಮೋಡ ಕವಿದ ದಿನ ಆರಿಸಿಕೊಳ್ಳಿ, ಆಗ ಆಕಾಶದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುತ್ತದೆ. ಇಲ್ಲವೇ ಮುಸ್ಸಂಜೆಗೆ ಕಾಯಿರಿ. ದಕ್ಷಿಣದ ಮನೆಗೆ ಇದರ ತದ್ವಿರುದ್ಧ: ನವೆಂಬರಿನಿಂದ ಜನವರಿವರೆಗೆ ಬೆಳಿಗ್ಗೆ ಒಂಬತ್ತು ಹತ್ತರ, ಮಧ್ಯಾಹ್ನ ಮೂರು ನಾಲ್ಕರ ಬೆಳಕಿಗಿಂತ ಒಳ್ಳೆಯದು ಬೇಡ. ದಕ್ಷಿಣ ದಿಕ್ಕು ಎಂದೊಡನೆ ಹಿಂಜರಿಯುವ ಕೊಳ್ಳುಗರು ಬಹಳ ಇದ್ದಾರೆ. ಚಳಿಗಾಲದ ಆ ತುಂಬು ಬಿಸಿಲಿನ ಒಂದು ಫೋಟೋ ಆ ಮನೆಯ ಪರವಾಗಿ ಮಾತಾಡಬಲ್ಲದು.

ದಿಕ್ಕಿನ ವಿಷಯದಲ್ಲಿ ಇನ್ನೊಂದು. ಪೂರ್ವಾಭಿಮುಖ ಎಂದು ಜಾಹೀರಾತಿನಲ್ಲಿ ಬರೆದು, ಬೆಳಗಿನ ಬಿಸಿಲು ಮುಂಗೋಡೆಯ ಮೇಲೆ ಬಿದ್ದಿರುವ ಫೋಟೋ ಹಾಕಿದರೆ ಹೇಳಿದ ಮಾತಿಗೆ ನೆರಳೇ ಸಾಕ್ಷಿ. ವಾಸ್ತು ನೋಡುವವರು ಇದನ್ನು ಗಮನಿಸುತ್ತಾರೆ. ತೆಗೆದ ಸಮಯವನ್ನೂ ಫೋಟೋದ ಕೆಳಗೆ ಬರೆಯಿರಿ.

ಮುಸ್ಸಂಜೆಯ ಫೋಟೋ ಒಂದಾದರೂ ಇರಲಿ. ಸೂರ್ಯ ಮುಳುಗಿದ ಹತ್ತು ಹದಿನೈದು ನಿಮಿಷಕ್ಕೆ ಆಕಾಶ ಕಡುನೀಲಿಗೆ ತಿರುಗುತ್ತದೆ. ಆಗ ಒಳಗಿನ ದೀಪ, ಪೋರ್ಟಿಕೋ ದೀಪ, ಗೇಟಿನ ಕಂಬದ ದೀಪ ಎಲ್ಲ ಹಾಕಿ, ಪರದೆ ಸರಿಸಿ. ಬೆಂಗಳೂರಿನಲ್ಲಿ ಸೂರ್ಯಾಸ್ತ ನವೆಂಬರ್ ಕೊನೆಯಲ್ಲಿ ಸಂಜೆ 5.50ರ ಸುಮಾರಿಗೆ, ಜುಲೈ ಮೊದಲಿಗೆ 6.50ರ ಸುಮಾರಿಗೆ ಆಗುತ್ತದೆ. ಬಲ್ಬುಗಳೆಲ್ಲ ಒಂದೇ ಬಣ್ಣದವಿರಲಿ. ಒಂದು ಹಳದಿ ಒಂದು ಬಿಳಿ ಆದರೆ ಗೋಡೆ ಕಲೆ ಕಲೆಯಾಗಿ ಕಾಣುತ್ತದೆ.

ಬಣ್ಣದ ಕೆಲಸಕ್ಕೂ ಫೋಟೋಗೂ ಸೇರಿ ತಿಂಗಳು ಗೊತ್ತುಮಾಡಿಕೊಳ್ಳುವುದಾದರೆ ಬಯಲುಸೀಮೆಗೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು. ಬೆಂಗಳೂರಿನ ಕಡೆ ಅಕ್ಟೋಬರ್ ಮಳೆಯನ್ನು ನಂಬುವಂತಿಲ್ಲ. ಕರಾವಳಿ, ಮಲೆನಾಡಿನಲ್ಲಿ ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಕೈ ಹಚ್ಚುವುದು ಲೇಸು.

ಎಲ್ಲಿ ನಿಲ್ಲಬೇಕು

ನಮ್ಮ ಬಡಾವಣೆಗಳ ದೊಡ್ಡ ತೊಡಕು ಹಿಂದೆ ಸರಿಯಲು ಜಾಗ ಇಲ್ಲದಿರುವುದು. 30 ಅಡಿ ರಸ್ತೆಯಲ್ಲಿ ಎದುರು ಮನೆಯ ಕಾಂಪೌಂಡಿಗೆ ಬೆನ್ನು ಹಚ್ಚಿ ನಿಂತರೂ ಎರಡು ಅಂತಸ್ತು ಚೌಕಟ್ಟಿಗೆ ಬರುವುದಿಲ್ಲ. ಆಗ ಜನ ಫೋನನ್ನು ಮೇಲಕ್ಕೆ ಎತ್ತಿ ವಾಲಿಸುತ್ತಾರೆ, ಮನೆ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ಅಥವಾ 0.5 ಎಂದಿರುವ ಅತಿ ಅಗಲದ ಲೆನ್ಸಿಗೆ ಹೋಗುತ್ತಾರೆ, ಗೇಟು ಊದಿಕೊಂಡು ಮೇಲಿನ ಅಂತಸ್ತು ಪುಟ್ಟದಾಗುತ್ತದೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉಪಾಯ ಎದುರು ಮನೆಯವರನ್ನು ಕೇಳುವುದು. "ಆಂಟಿ, ಐದು ನಿಮಿಷ ನಿಮ್ಮ ಬಾಲ್ಕನಿಯಿಂದ ನಮ್ಮನೆ ಫೋಟೋ ತೆಗೆದುಕೊಳ್ಳಲಾ?" ಎಂದರೆ ಬೇಡ ಎನ್ನುವವರು ಕಡಿಮೆ. ಮೊದಲ ಮಹಡಿಯ ಎತ್ತರದಿಂದ ಫೋನು ನೆಟ್ಟಗೆ ಹಿಡಿದರೆ ಗೋಡೆಗಳು ನೆಟ್ಟಗೆ ಬರುತ್ತವೆ, ತಾರಸಿಯ ಅಂಚು ಕಾಣುತ್ತದೆ, ಗೇಟಿನ ಹಿಂದಿನ ಕಾರು ನಿಲ್ಲಿಸುವ ಜಾಗವೂ ಕಾಣುತ್ತದೆ. ಅದಾಗದಿದ್ದರೆ ರಸ್ತೆಯಲ್ಲೇ ಎಡಕ್ಕೋ ಬಲಕ್ಕೋ ಹತ್ತಿಪ್ಪತ್ತು ಹೆಜ್ಜೆ ನಡೆದು ಓರೆಯಾಗಿ ನಿಲ್ಲಿ. ಮೂಲೆ ಸೈಟಾದರೆ ಎರಡೂ ಮುಖ ಒಟ್ಟಿಗೆ ಬರುವ ಆ ಓರೆ ನೋಟವೇ ಮೊದಲ ಫೋಟೋ ಆಗಬೇಕು.

ಲೆನ್ಸನ್ನು ಬಟ್ಟೆಯಿಂದ ಒರೆಸಿ, ತೆರೆಯ ಮೇಲಿನ ಗೆರೆಗಳನ್ನು ಆನ್ ಮಾಡಿಕೊಂಡು, ಫೋನನ್ನು ಅಡ್ಡಲಾಗಿ ಹಿಡಿಯಿರಿ. ಜಾಹೀರಾತಿನ ಪುಟ್ಟ ಚೌಕಟ್ಟಿನಲ್ಲಿ ಉದ್ದನೆಯ ಫೋಟೋದ ತಲೆ ಕಾಲು ಕತ್ತರಿಸಿಹೋಗುತ್ತವೆ. ನಿಮ್ಮ ಕಾರನ್ನೂ ಪಕ್ಕದ ರಸ್ತೆಗೆ ಒಯ್ದು ನಿಲ್ಲಿಸಿ. ಗೇಟಿನೊಳಗಿನ ಖಾಲಿ ಜಾಗ ಕಾರಿನ ಅಳತೆಯನ್ನು ತಾನೇ ಹೇಳುತ್ತದೆ. ಬ್ರೋಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಸುಮ್ಮನೆ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಮಸುಕು ಮಾಡುತ್ತದೆ.

ಮುಂಭಾಗದ ಫೋಟೋ ಆದ ಮೇಲೆ ರಸ್ತೆಯ ಎರಡೂ ಕಡೆಯ ನೋಟ ಹಾಕಿ. ಇದನ್ನು ಯಾರೂ ಹಾಕುವುದಿಲ್ಲ, ಎಲ್ಲರೂ ಕೇಳುವುದು ಇದನ್ನೇ: ರಸ್ತೆ ಎಷ್ಟು ಅಗಲ, ಡಾಂಬರು ಇದೆಯೇ, ಎದುರು ಬದುರು ಕಾರು ಹೋಗುತ್ತದೆಯೇ. ಆಮೇಲೆ ತಾರಸಿ, ಹೊರಗಿನ ಮೆಟ್ಟಿಲು, ಸಂಪು, ಸೋಲಾರ್, ಪಕ್ಕದ ಓಣಿ. ಕಾರಿನ ನಂಬರು, ಪಕ್ಕದ ಮನೆಯ ಮಕ್ಕಳು ಫೋಟೋದಲ್ಲಿ ಬರದಂತೆ ನೋಡಿಕೊಳ್ಳಿ. ಮನೆ ಖಾಲಿ ಬಿದ್ದಿದ್ದರೆ ಬಾಗಿಲಿಗೆ ಹಾಕಿದ ಬೀಗ ಕಾಣುವಂಥ ಫೋಟೋ ಹಾಕಲೇಬಾರದು.

ತಿದ್ದುವುದೆಲ್ಲಿ ನಿಲ್ಲಬೇಕು

ಬೆಳಕು ಸ್ವಲ್ಪ ಹೆಚ್ಚಿಸುವುದು, ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡುವುದು, ಅಂಚು ಕತ್ತರಿಸುವುದು ಸರಿ. ಈಗಿನ ಫೋನುಗಳು ಬೆರಳಿನಲ್ಲಿ ಒಂದು ಸುತ್ತು ಹಾಕಿದರೆ ಎದುರಿನ ಟ್ರಾನ್ಸ್‌ಫಾರ್ಮರನ್ನೂ ಗೋಡೆಯ ಬಿರುಕನ್ನೂ ಅಳಿಸಿಬಿಡುತ್ತವೆ. ಅಲ್ಲಿ ಕೈ ತಡೆಯಿರಿ. ಆದಿತ್ಯವಾರ ಬಿಡುವು ಮಾಡಿಕೊಂಡು, ಊರಿನ ಇನ್ನೊಂದು ತುದಿಯಿಂದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದವರು ಗೇಟಿನೆದುರು ಟ್ರಾನ್ಸ್‌ಫಾರ್ಮರ್ ಕಂಡು "ಇದು ಫೋಟೋದಲ್ಲಿ ಇರಲಿಲ್ವಲ್ಲ ಸಾರ್" ಎಂದರೆ, ಆಮೇಲೆ ನೀವು ತೋರಿಸುವ ಖಾತೆ, ತೆರಿಗೆ ರಸೀದಿಯನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ.

ಮಕ್ಕಳು ಹೊರದೇಶದಲ್ಲಿದ್ದು ಮುಚ್ಚಿಟ್ಟ ಮನೆ ಮಾರುವುದಾದರೆ, ಫೋಟೋಗೆ ಮೊದಲು ಯಾರಾದರೂ ನೆಂಟರು ಹೋಗಿ ಕಿಟಕಿ ತೆರೆದು, ಅಂಗಳದ ಕಳೆ ಕೀಳಿಸಿ, ನಾಲ್ಕು ದಿನ ದೀಪ ಹಚ್ಚಿದರೆ ಮನೆಗೆ ಜೀವ ಬರುತ್ತದೆ. ಬಾಡಿಗೆದಾರರಿದ್ದರೆ ಅವರಿಗೆ ದಿನ, ಹೊತ್ತು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಅವರ ಬಟ್ಟೆ ಬರೆ, ಗಾಡಿಗಳು ಅವರ ಬದುಕು, ನಿಮ್ಮ ಜಾಹೀರಾತಿನ ಸಾಮಗ್ರಿ ಅಲ್ಲ.

ಮಂಗಳೂರು ಹೆಂಚಿನ ಹಳೆಯ ಮನೆಗಳಿಗೆ ಬೇರೆಯದೇ ನಡೆ. ಅಲ್ಲಿ ಹೊಸದು ಮಾಡಲು ಹೋಗಬೇಡಿ. ಹೆಂಚಿನ ಪಾಚಿಯನ್ನು ಒಣ ಬ್ರಷ್ಷಿನಿಂದ ತೆಗೆಸಿ, ಒಡೆದವನ್ನು ಬದಲಿಸುವಾಗ ಹಿಂಬದಿಯ ಹಳೆಯ ಹೆಂಚನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಹೊದಿಸಿದರೆ ಬಣ್ಣ ಹೊಂದುತ್ತದೆ. ಕೆಂಪು ಜಗಲಿಯನ್ನು ಒರೆಸಿ ಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಮರದ ಕಂಬಗಳ ಮೇಲಿನ ಎನಾಮಲ್ ಕೆರೆಸಿ. ಇಂಥ ಮನೆ ಹುಡುಕುವವರು ಹಳತನಕ್ಕೇ ಬೆಲೆ ಕೊಡುವವರು.

ಕೊನೆಯದಾಗಿ, ಫೋಟೋದಲ್ಲಿ ಕಂಡದ್ದೆಲ್ಲ ಮನೆಯ ಜೊತೆ ಬರುತ್ತದೆ ಎಂದು ಕೊಳ್ಳುವವರು ಅಂದುಕೊಳ್ಳುತ್ತಾರೆ. ಸೋಲಾರ್ ಹೀಟರು, ಜಗಲಿಯ ಉಯ್ಯಾಲೆ, ಗೇಟಿನ ದೀಪ, ಸಂಪಿನ ಮೋಟರು, ಹೂಕುಂಡಗಳು. ಏನನ್ನು ಬಿಟ್ಟುಹೋಗುತ್ತೀರಿ, ಏನನ್ನು ಒಯ್ಯುತ್ತೀರಿ ಎಂದು ಕ್ರಯದ ಕರಾರಿನಲ್ಲಿ ಹೆಸರು ಹಿಡಿದು ಬರೆಸಿ, ಜಾಹೀರಾತಿನ ಫೋಟೋಗಳ ಪ್ರತಿಯನ್ನು ದಿನಾಂಕದ ಸಮೇತ ಇಬ್ಬರೂ ಇಟ್ಟುಕೊಳ್ಳಿ. ಮುಂಗಡ ಕೈಸೇರಿದ ದಿನವೇ ಜಾಹೀರಾತನ್ನು ಎಲ್ಲ ಆ್ಯಪ್‌ಗಳಿಂದ ತೆಗೆಸಿ, ಬ್ರೋಕರಿಗೂ ತಿಳಿಸಿ. ಇಲ್ಲದಿದ್ದರೆ ಹೊಸಬರು ವಾಸಕ್ಕೆ ಬಂದ ಮೇಲೂ ಅವರ ಗೇಟು ತಟ್ಟಿ ಬೆಲೆ ಕೇಳುವವರು ಬರುತ್ತಲೇ ಇರುತ್ತಾರೆ.